ಆ ಹುಡುಗನನ್ನು ಹಾಗೆ ಕಳಿಸಬೇಡಿ

ಕರಾವಳಿಯ ಯಾವ ಊರಿಗೆ ಬೇಕಾದರೂ ಹೋಗಿ, ಗಲ್ಫ್ ಹಣದ ಗುರುತು ಕಣ್ಣಿಗೆ ಬೀಳುತ್ತದೆ. ತಾರಸಿ ಮನೆ, ಅಂಗಳಕ್ಕೆ ಹಾಸಿದ ಇಂಟರ್‌ಲಾಕ್, ತಂಗಿಯ ಮದುವೆ, ದೇವಸ್ಥಾನದ ಬ್ರಹ್ಮಕಲಶಕ್ಕೆ ಕೊಟ್ಟ ಕಾಣಿಕೆ, ಮಸೀದಿಯ ಹೊಸ ಮಿನಾರು. ಗೆದ್ದು ಬಂದವರ ಕಥೆ ಊರಿಗೆಲ್ಲ ಬಾಯಿಪಾಠ. ಹೋಗಿ ಸಿಕ್ಕಿಬಿದ್ದವರ ಕಥೆ ಮಾತ್ರ ಆ ಮನೆಯ ಹೊಸಿಲು ದಾಟುವುದಿಲ್ಲ. ತಂದೆ ತಾಯಿ ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ, ಕಳಿಸಿದವನಿಗೆ ಬಾಯಿ ಬಿಡುವ ಅಗತ್ಯವಿಲ್ಲ. ನೆರೆಹೊರೆಯ ನಾವು ಕೇಳುವುದಿಲ್ಲ. ಈ ಬರಹ ಕೇಳದೆ ಉಳಿದ ನಮ್ಮೆಲ್ಲರಿಗಾಗಿ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ನೆಲೆಯೂರಿ ಇಲ್ಲಿಂದ ಹುಡುಗರನ್ನು ಕರೆಸಿಕೊಳ್ಳುವ ನಮ್ಮದೇ ಅಣ್ಣಂದಿರಿಗಾಗಿ.

"ಒಂದು ಫ್ರೀ ವೀಸಾ ಇದೆ, ನಿಮ್ಮ ಹುಡುಗನನ್ನು ಕಳಿಸ್ತೀರಾ?" ಅಪರಿಚಿತ ಏಜೆಂಟನೊಬ್ಬನೇ ಈ ಮಾತು ಆಡುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಉರೂಸಿನ ರಾತ್ರಿ, ಇಗರ್ಜಿಯ ಹಬ್ಬದ ದಿನ ನಮ್ಮವರೂ ಆಡುತ್ತಾರೆ. ರಜೆಗೆ ಬಂದ ಭಾವ, ಚಿಕ್ಕಮ್ಮನ ಮಗ, ಊರಿನ ಕ್ರಿಕೆಟ್ ತಂಡಕ್ಕೆ ಜೆರ್ಸಿ ಕೊಡಿಸಿದ ಅಣ್ಣ. ನಂಬದೆ ಏನು ಮಾಡಿಯಾರು? ಅಮ್ಮನ ಕರಿಮಣಿ ಸರ ಸೊಸೈಟಿಯಲ್ಲಿ ಅಡವಿಗೆ ಹೋಗುತ್ತದೆ, ಹುಡುಗ ವಿಮಾನ ಹತ್ತುತ್ತಾನೆ.

ಆ ವೀಸಾ ನಡೆಯುವ ರೀತಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅಲ್ಲಿನ ಒಬ್ಬ ಪ್ರಜೆ ತನ್ನ ಮನೆಗೆ ಡ್ರೈವರ್ ಬೇಕು, ಅಡುಗೆಯವನು ಬೇಕು ಎಂದೋ ತನ್ನ ಅಂಗಡಿಗೆ ಆಳು ಬೇಕು ಎಂದೋ ವೀಸಾ ತೆಗೆಸುತ್ತಾನೆ. ಅವನಿಗೆ ಆಳು ಬೇಕಿಲ್ಲ, ದುಡ್ಡು ಬೇಕು. ವೀಸಾ ಕೈಯಿಂದ ಕೈಗೆ ಮಾರಾಟವಾಗಿ ನಮ್ಮೂರು ತಲುಪುವಷ್ಟರಲ್ಲಿ ಅದರ ಬೆಲೆ ಲಕ್ಷಗಳಲ್ಲಿರುತ್ತದೆ. ಹುಡುಗ ಇಳಿದ ಮೇಲೆ ಕಫೀಲ್, ಅಂದರೆ ವೀಸಾ ತೆಗೆಸಿದ ಆ ಪ್ರಜೆ, ಹೇಳುತ್ತಾನೆ: ಎಲ್ಲಿ ಬೇಕಾದರೂ ದುಡಿದುಕೋ, ವರ್ಷ ವರ್ಷ ನನ್ನ ಪಾಲು ಕೊಡು. ಹೀಗೆ ಕಾಗದದಲ್ಲಿ ಮನೆಯ ಡ್ರೈವರ್ ಆದವನು ನಿಜದಲ್ಲಿ ಕೆಫೆಟೇರಿಯಾದಲ್ಲಿ ಚಹಾ ಸೋಸುತ್ತಾನೆ, ಗ್ಯಾರೇಜಿನಲ್ಲಿ ಟಯರ್ ಬಿಚ್ಚುತ್ತಾನೆ. ಕುವೈತಿನಲ್ಲಿ ಇದಕ್ಕೆ ನಂಬರೇ ಇದೆ. ಮನೆಗೆಲಸದವರ ವೀಸಾ 20ನೇ ವಿಧಿಯದು, ಖಾಸಗಿ ಕಂಪನಿಯದು 18ನೇ ವಿಧಿಯದು. 20ರಲ್ಲಿ ಬಂದು 18ರ ಕೆಲಸ ಮಾಡುವುದು ಕಾನೂನುಬಾಹಿರ. ಈ ಅರ್ಥದ ಫ್ರೀ ವೀಸಾ ಗಲ್ಫಿನ ಯಾವ ದೇಶದ ಕಾನೂನು ಪುಸ್ತಕದಲ್ಲೂ ಇಲ್ಲ.

ಸಿಕ್ಕಿಬಿದ್ದರೆ ಮಾತ್ರ ತೊಂದರೆ ಎಂದು ಕಳಿಸುವವರು ಹೇಳುತ್ತಾರೆ. ಸುಳ್ಳು. ತೊಂದರೆ ಮೊದಲ ದಿನದಿಂದಲೇ ಶುರು. ಕೆಫೆಟೇರಿಯಾದ ಮಾಲೀಕ ಮೂರು ತಿಂಗಳು ಸಂಬಳ ಕೊಡಲಿಲ್ಲ ಎಂದುಕೊಳ್ಳಿ. ಹುಡುಗ ಕಾರ್ಮಿಕ ಕಚೇರಿಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ, ನೀನು ಯಾರ ವೀಸಾದಲ್ಲಿದ್ದೀಯ? ನಿಜ ಹೇಳಿದರೆ ಅವನೇ ತಪ್ಪಿತಸ್ಥ. ಎಣ್ಣೆ ಬಾಂಡ್ಲಿ ಮೈಮೇಲೆ ಮಗುಚಿದರೆ ಪರಿಹಾರ ಕೊಡಬೇಕಾದ ಮಾಲೀಕ ಯಾರು? ಕಾಗದದ ಮಾಲೀಕನಿಗೆ ಅಡುಗೆಮನೆಯೇ ಇಲ್ಲ, ಅಡುಗೆಮನೆಯ ಮಾಲೀಕನಿಗೆ ಕಾಗದದಲ್ಲಿ ಹೆಸರಿಲ್ಲ. ಅನ್ಯಾಯವಾದಾಗ ಬಾಯಿ ತೆರೆಯುವ ಹಕ್ಕನ್ನೇ ಈ ವೀಸಾ ಮೊದಲು ಕಿತ್ತುಕೊಳ್ಳುತ್ತದೆ. ಉಳಿದ ನಷ್ಟವೆಲ್ಲ ಆಮೇಲಿನದು.

ಸೌದಿಯಲ್ಲಿ ಇನ್ನೊಂದು ಆಯುಧವಿದೆ, ಹುರೂಬ್. ಕೆಲಸಗಾರ ಓಡಿಹೋಗಿದ್ದಾನೆ ಎಂದು ಕಫೀಲ್ ದಾಖಲಿಸಿದ ದೂರು ಇತ್ಯರ್ಥವಾಗದೆ ಉಳಿದರೆ ಇಖಾಮಾ, ಅಂದರೆ ವಾಸದ ಪರವಾನಗಿ, ಇದ್ದೂ ಇಲ್ಲದಂತೆ. ಊರಲ್ಲಿ ಅಪ್ಪ ತೀರಿಕೊಂಡರೂ ಟಿಕೆಟ್ ತೆಗೆದು ವಿಮಾನ ಹತ್ತುವಂತಿಲ್ಲ. ಕೊನೆಗೆ ತರ್ಹೀಲ್ ಮೂಲಕ, ಅಂದರೆ ಗಡೀಪಾರು ಕೇಂದ್ರದ ಮೂಲಕ ಊರು ಸೇರುವ ಪಾಡು. ಬೆರಳಚ್ಚು ಒಮ್ಮೆ ಗಡೀಪಾರಾದವರ ಪಟ್ಟಿಗೆ ಸೇರಿತೆಂದರೆ ದುಡಿಯಲು ಮತ್ತೆ ಆ ದೇಶಕ್ಕೆ ಕಾಲಿಡುವುದು ಕಷ್ಟ. 2021ರ ಮಾರ್ಚ್‌ನಲ್ಲಿ ಸೌದಿ ಸರ್ಕಾರ ಖಾಸಗಿ ಕಂಪನಿಗಳ ಕೆಲಸಗಾರರಿಗೆ ಷರತ್ತಿನ ಮೇಲೆ ಕೆಲಸ ಬದಲಿಸುವ ಅವಕಾಶ ಕೊಟ್ಟಿತು. ಮನೆಯ ಡ್ರೈವರ್ ಎಂದು ಬರೆಸಿಕೊಂಡು ಹೋದವನಿಗೆ ಆ ಸುಧಾರಣೆಯ ಫಲ ದಕ್ಕಲಿಲ್ಲ, ಅದು ಮನೆಗೆಲಸದವರನ್ನು ಹೊರಗಿಟ್ಟಿತ್ತು.

ದುಬೈಯ ದಾರಿ ಬೇರೆ. ಅಲ್ಲಿಗೆ ವಿಸಿಟ್ ವೀಸಾ. "ಮೊದಲು ಬರಲಿ, ಕೆಲಸ ಆಮೇಲೆ ನೋಡುವ." ಹೋಗಿ ಸಂದರ್ಶನ ಕೊಟ್ಟು, ಕೆಲಸ ಸಿಕ್ಕಿ, ವೀಸಾ ಬದಲಿಸಿಕೊಂಡವರಿದ್ದಾರೆ, ನಿಜ. ಆದರೆ ವೀಸಾ ಬದಲಾಗುವ ಮೊದಲೇ "ಟ್ರಯಲ್" ಎಂದು ದುಡಿಸಿಕೊಂಡು, ಅವಧಿ ಮುಗಿದಾಗ ಬಾಗಿಲು ತೋರಿಸಿದ ಕಥೆಗಳಿಗೂ ಕೊರತೆಯಿಲ್ಲ. ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್ ದಂಡ. ನೂರು ದಿನವಾದರೆ 5,000 ದಿರ್ಹಮ್, ಕೆಲಸವಿಲ್ಲದವನ ತಲೆಯ ಮೇಲೆ. ಸರಿಯಾದ ಪರವಾನಗಿ ಇಲ್ಲದೆ ಆಳು ಇಟ್ಟುಕೊಳ್ಳುವ ಕಂಪನಿಗೆ 2024ರಲ್ಲಿ ಯುಎಇ ದಂಡ ಏರಿಸಿದೆ, ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ. ಅಲ್ಲಿನ ಸರ್ಕಾರವೇ ಇದನ್ನು ಇಷ್ಟು ದೊಡ್ಡ ಅಪರಾಧವೆಂದು ಬಗೆಯುವಾಗ ನಮ್ಮ ಅಣ್ಣಂದಿರು ಇದನ್ನೇ "ಉಪಕಾರ" ಎಂದು ಕರೆಯುತ್ತಿದ್ದಾರೆ.

"ನಾವೂ ಹೀಗೇ ಬಂದವರು" ಎನ್ನುತ್ತೀರಿ ಅಣ್ಣಂದಿರೇ. ಇರಬಹುದು. ನೀವು ಬಂದಾಗ ಬೆರಳಚ್ಚು, ಕಣ್ಣಿನ ಪಾಪೆ ಹಿಡಿದು ಆಳನ್ನು ಗುರುತಿಸುವ ಯಂತ್ರಗಳಿರಲಿಲ್ಲ. ತಪ್ಪಿ ನಡೆದರೂ ಒಂದು ಆಮ್ನೆಸ್ಟಿ, ಅಂದರೆ ಸಾರ್ವತ್ರಿಕ ಕ್ಷಮೆ, ಬಂದು ಕಾಪಾಡುತ್ತಿತ್ತು. ಕುವೈತಿನಲ್ಲೂ ಯುಎಇಯಲ್ಲೂ 2018ರಲ್ಲಿ ಬಂತು, 2024ರಲ್ಲಿ ಮತ್ತೆ ಬಂತು. ಮುಂದಿನದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕ್ಷಮೆಯ ಮೇಲೆ ಇನ್ನೊಬ್ಬರ ಮಗನ ಬದುಕನ್ನು ಪಣಕ್ಕಿಡಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ನೇರ ದಾರಿ ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ ಮುದ್ರೆ, ಅಂದರೆ ವಲಸೆ ಅನುಮತಿ ಬೇಕೆಂಬ ಗುರುತು, ಬೀಳುತ್ತದೆ. ಗಲ್ಫಿನ ಆರೂ ದೇಶಗಳು ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಅವರಿಗೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಸರ್ಕಾರಿ ಅಧಿಕಾರಿಯ ಅನುಮತಿ ಬೇಕು. ನೋಂದಾಯಿತ ಏಜೆಂಟ್ ಹುಡುಗನಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷ ಕೇಳಿದವನು ಆ ಕ್ಷಣದಲ್ಲೇ ಕಾನೂನು ಮುರಿದಂತೆ. ಆ ಏಜೆಂಟ್ ನೋಂದಾಯಿತನೇ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಎರಡು ವರ್ಷದ ಕಂತು 275 ರೂಪಾಯಿ, ಮಂಗಳೂರಿನ ಹೋಟೆಲಿನಲ್ಲಿ ಒಂದು ಮೀನೂಟದ ಬೆಲೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗ ಊನವಾದರೆ 10 ಲಕ್ಷ. ವಿಸಿಟ್ ವೀಸಾದವನನ್ನು ಕೆಲಸಗಾರ ಎಂದು ಎಲ್ಲೂ ಬರೆದುಕೊಳ್ಳುವುದಿಲ್ಲವಾದ್ದರಿಂದ ಇದಾವುದೂ ಅವನ ಪಾಲಿಗಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಕ್ರೂರ. ಇಸಿಆರ್ ಪಾಸ್‌ಪೋರ್ಟಿನ, 30 ತುಂಬದ ಹೆಂಗಸರನ್ನು ಮನೆಗೆಲಸಕ್ಕೆ ಈ ದೇಶಗಳಿಗೆ ಕಳಿಸುವಂತಿಲ್ಲ ಎಂಬ ನಿಯಮವಿದೆ. ಅದಕ್ಕೇ ಅವರನ್ನು ಪ್ರವಾಸಿಗಳ ವೇಷದಲ್ಲಿ ಕಳಿಸುತ್ತಾರೆ. ಹೋದವಳು ನಾಲ್ಕು ಗೋಡೆಯ ಒಳಗೆ, ಅವಳ ಪಾಸ್‌ಪೋರ್ಟ್ ಮನೆಯೊಡತಿಯ ಕಪಾಟಿನಲ್ಲಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಕಸಿದಿಟ್ಟುಕೊಳ್ಳಲು ಯಾವ ಮಾಲೀಕನಿಗೂ ಹಕ್ಕಿಲ್ಲ ಎಂದು ಅವಳಿಗೆ ಹೇಳಿ ಕಳಿಸಿದವರು ಯಾರಾದರೂ ಇದ್ದಾರೆಯೇ?

ಕರಾವಳಿಯ ಕಥೆ ಮಾತ್ರ ಎಂದು ಘಟ್ಟದ ಮೇಲಿನವರು ನಿರಾಳರಾಗಬೇಡಿ. ಭದ್ರತಾ ಸಿಬ್ಬಂದಿಯ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರನ್ನು ಉಕ್ರೇನ್ ಯುದ್ಧಕ್ಕೆ ತಳ್ಳಿದ ಸುದ್ದಿ 2024ರಲ್ಲಿ ಬಂತು. ಅದಕ್ಕೂ ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಸುಡಾನ್ ಹೊತ್ತಿ ಉರಿದಾಗ, ಅಲ್ಲಿ ಗಿಡಮೂಲಿಕೆ ಎಣ್ಣೆ, ಔಷಧ ಮಾರುತ್ತಿದ್ದ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಸಿಕ್ಕಿಕೊಂಡಿದ್ದರು. ಭಾರತ ಸರ್ಕಾರದ ತೆರವು ಕಾರ್ಯಾಚರಣೆ ಆಪರೇಷನ್ ಕಾವೇರಿ ಅವರನ್ನು ಕರೆತಂದಿತು. ಅವರು ಅಷ್ಟು ದೂರ ಹೋಗಿ ದುಡಿಯುತ್ತಾರೆಂಬ ಸಂಗತಿಯೇ ನಮ್ಮಲ್ಲಿ ಬಹಳ ಜನರಿಗೆ ತಿಳಿದದ್ದು ಆಗ.

ಕಾಗದ ಸರಿಯಿದ್ದರೆ ಎಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. 2024ರ ಜೂನ್ 12ರ ನಸುಕಿನಲ್ಲಿ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಸತ್ತವರಲ್ಲಿ ಹೆಚ್ಚಿನವರು ಭಾರತೀಯರು. ಒಂದೇ ಕಟ್ಟಡಕ್ಕೆ ಅಷ್ಟು ಜನರನ್ನು ತುಂಬಿದ್ದು ಅನ್ಯಾಯ. ಆದರೂ ಅಲ್ಲಿ ಪ್ರಶ್ನಿಸಲು ಒಂದು ಕಂಪನಿಯಿತ್ತು, ಹಿಡಿದು ನಿಲ್ಲಿಸಲು ಹೊಣೆಗಾರರಿದ್ದರು. ಎರಡೇ ದಿನದಲ್ಲಿ ವಾಯುಪಡೆಯ ವಿಮಾನ ಶವಗಳನ್ನು ಹೊತ್ತು ಕೊಚ್ಚಿಗೆ ಬಂತು. ಫ್ರೀ ವೀಸಾದವನು ಯಾವುದೋ ಷೆಡ್ಡಿನಲ್ಲಿ ಒಬ್ಬನೇ ಸತ್ತರೆ ಅವನಿಗಾಗಿ ಉತ್ತರ ಕೊಡಬೇಕಾದವರು ಯಾರು ಎಂಬುದೇ ಇತ್ಯರ್ಥವಾಗುವುದಿಲ್ಲ.

ಇನ್ನು ಪರದೇಶದಲ್ಲಿ ಬೆರೆತು ಬಾಳುವ ವಿಷಯ. ಇದನ್ನು ನಾವು ಹೊಸಬರಿಗೆ ಕಲಿಸಿಯೇ ಇಲ್ಲ. ಮಗ ಪಾಯಸ ಮಾಡಿಕೊಳ್ಳಲಿ ಎಂದು ಅಮ್ಮ ಗಸಗಸೆ ಕಟ್ಟಿ ಕೊಡುತ್ತಾಳೆ. ಯುಎಇ, ಸೌದಿಗಳಲ್ಲಿ ಗಸಗಸೆ ಮಾದಕ ವಸ್ತುವಿನ ಪಟ್ಟಿಗೆ ಸೇರಿದ್ದು, ಒಂದು ಪೊಟ್ಟಣ ಸಾಕು ಜೈಲಿಗೆ. ರಂಜಾನಿನಲ್ಲಿ ಹಗಲು ಹೊತ್ತು ಬೀದಿಯಲ್ಲಿ ನಿಂತು ನೀರು ಕುಡಿದರೂ ಕುವೈತಿನಲ್ಲಿ ದಂಡ ಅಥವಾ ಜೈಲು. ವಾಟ್ಸ್‌ಆ್ಯಪಿನಲ್ಲಿ ಬೈದ ಬೈಗುಳಕ್ಕೆ ದುಬೈಯಲ್ಲಿ ಕೇಸು ಬೀಳುತ್ತದೆ. ಕಾಯಿಲೆ ಬಿದ್ದವನಿಗೆಂದು ಗ್ರೂಪಿನಲ್ಲಿ ಅನುಮತಿಯಿಲ್ಲದೆ ಚಂದಾ ಎತ್ತುವುದೂ ಯುಎಇಯಲ್ಲಿ ಅಪರಾಧವೇ. ಇವನ್ನೆಲ್ಲ ವಿಮಾನ ಹತ್ತುವ ಮೊದಲು ಹೇಳಬೇಕಾದವರು ಅಲ್ಲಿ ಇಪ್ಪತ್ತು ವರ್ಷ ಬಾಳಿದವರಲ್ಲವೇ? ಅವರಲ್ಲೂ ಅರಬ್ಬಿಯಲ್ಲಿ ನಾಲ್ಕು ವಾಕ್ಯ ನೆಟ್ಟಗೆ ಆಡಬಲ್ಲವರು ಕಡಿಮೆ. ಹಿಂದಿ, ಮಲಯಾಳ ಸಾಕಾಗುತ್ತದೆ ಎಂಬ ಧೈರ್ಯ. ಕೋಣೆಯ ಒಳಗೆ ಕೂತು "ಅರಬರಿಗೆ ಏನು ತಿಳಿಯುತ್ತದೆ" ಎಂದು ಹಗುರವಾಗಿ ಮಾತಾಡುತ್ತೇವೆ, ಹೊರಗೆ ಹೋಗಿ ತಲೆ ಬಗ್ಗಿಸುತ್ತೇವೆ. ಅನ್ನ ಕೊಟ್ಟ ನೆಲದ ಭಾಷೆಯನ್ನು ಕಲಿಯದೆ, ಅದರ ಕಾನೂನನ್ನು ಅಡ್ಡದಾರಿಯಲ್ಲಿ ದಾಟಿ, ಆಮೇಲೆ ಅಲ್ಲಿ ಗೌರವ ಸಿಗಲಿಲ್ಲ ಎಂದು ಗೊಣಗುವುದು ಯಾವ ನ್ಯಾಯ?

ಸಂಘಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ದುಬೈ, ಶಾರ್ಜಾ, ದೋಹಾ, ಬಹರೈನ್, ಕುವೈತ್ ಎಲ್ಲ ಕಡೆ ಕನ್ನಡದ ಸಂಘಗಳಿವೆ, ಅವುಗಳೊಳಗೆ ಜಾತಿಗೊಂದು ಸಂಘವೂ ಇದೆ. ರಕ್ತದಾನ ಶಿಬಿರ ಮಾಡುತ್ತಾರೆ. 2020ರಲ್ಲಿ ಕೋವಿಡ್ ಲೋಕಕ್ಕೇ ಬೀಗ ಹಾಕಿದಾಗ ಮಂಗಳೂರಿಗೆ ಬಾಡಿಗೆ ವಿಮಾನ ಹಾರಿಸಿದ್ದು ಅಲ್ಲಿನ ಕನ್ನಡಿಗರೇ, ಅದನ್ನು ಮರೆಯುವಂತಿಲ್ಲ. ಹಾಗಾದರೆ ಉಳಿದ ದಿನಗಳಲ್ಲಿ ಆ ಶಕ್ತಿ ಎಲ್ಲಿ ಹೋಗುತ್ತದೆ? ರಾಜ್ಯೋತ್ಸವ ದೊಡ್ಡ ಸಭಾಂಗಣದಲ್ಲಿ, ಬೆಂಗಳೂರಿನ ಚಿತ್ರನಟರ ಜೊತೆ. ದುಬೈಯ ಸೋನಾಪುರದ ಲೇಬರ್ ಕ್ಯಾಂಪಿನ ಕನ್ನಡಿಗನಿಗೆ ಅಲ್ಲಿಗೆ ಬರಲು ಬಸ್ಸೂ ಇಲ್ಲ, ರಜೆಯೂ ಇಲ್ಲ. ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವವರ ಸಾಲಿನಲ್ಲಿ ವೀಸಾ ವ್ಯಾಪಾರದಿಂದ ಕಾಸು ಮಾಡಿಕೊಂಡವನೂ ಒಬ್ಬ ಇದ್ದರೆ, ಅವನ ಶಾಲು ಹಿಂದಕ್ಕೆ ಪಡೆಯುವ ಧೈರ್ಯ ನಮಗಿದೆಯೇ?

ಇನ್ನೊಂದು ನಾಚಿಕೆಯ ವಿಷಯ. 2016ರಿಂದ ಯುಎಇಯಲ್ಲಿ ಉದ್ಯೋಗದ ಆಫರ್ ಲೆಟರನ್ನು ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಕೊಡುವ ಪದ್ಧತಿ ಬಂತು. ಆಗಿನ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳ, ತಮಿಳು, ಬಂಗಾಳಿ, ನೇಪಾಳಿ, ಸಿಂಹಳ ಇದ್ದವು. ಕನ್ನಡ ಇರಲಿಲ್ಲ. ಕನ್ನಡದ ಹೆಸರಿನಲ್ಲಿ ಅಷ್ಟೊಂದು ಸಂಘ ಕಟ್ಟಿದ ನಾವು ಇದಕ್ಕಾಗಿ ಎಷ್ಟು ಬಾರಿ ಬಾಗಿಲು ತಟ್ಟಿದ್ದೇವೆ? ಹುಡುಗ ಏನಕ್ಕೆ ಸಹಿ ಹಾಕುತ್ತಿದ್ದಾನೆ ಎಂಬುದು ಅವನಿಗೇ ತಿಳಿಯುವುದಕ್ಕಿಂತ ದೊಡ್ಡ ರಾಜ್ಯೋತ್ಸವ ಯಾವುದು?

ಆದ್ದರಿಂದ, ಅಪ್ಪ ಅಮ್ಮಂದಿರೇ, ಯಾರಾದರೂ ವೀಸಾ ಇದೆ ಎಂದು ಬಂದರೆ ಕೂರಿಸಿ, ಚಹಾ ಕೊಡಿ, ಆಮೇಲೆ ಕೇಳಿ: ಕಫೀಲ್ ಯಾರು, ವೀಸಾದಲ್ಲಿ ಬರೆದ ಕೆಲಸ ಯಾವುದು, ಹುಡುಗ ನಿಜವಾಗಿ ಮಾಡುವ ಕೆಲಸವೂ ಅದೇನಾ, ಕರಾರು ಪತ್ರ ಎಲ್ಲಿ, ಏಜೆಂಟಿನ ನೋಂದಣಿ ಸಂಖ್ಯೆ ಎಷ್ಟು. ಬಂದವರು ಸ್ವಂತ ಭಾವನೇ ಆದರೂ ಕೇಳಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಪಂಚಾಯತ್ ಸದಸ್ಯರೇ, ಮಸೀದಿಯ ಜಮಾತಿನವರೇ, ಭಜನಾ ಮಂಡಳಿಯವರೇ, ಚರ್ಚಿನ ಪಾಲನಾ ಮಂಡಳಿಯವರೇ, ಊರಲ್ಲಿ ಯಾರು ಹೀಗೆ ಹುಡುಗರನ್ನು ಕಳಿಸುತ್ತಿದ್ದಾರೆಂದು ನಿಮಗೆ ಗೊತ್ತು. ಗೊತ್ತಿದ್ದೂ ಅವರಿಂದ ಕಾಣಿಕೆ ಪಡೆಯುವುದನ್ನು ನಿಲ್ಲಿಸಿ.

ಗಲ್ಫಿನ ಅಣ್ಣಂದಿರೇ, ನಿಮ್ಮ ಕಂಪನಿಯಲ್ಲಿ ನಿಜವಾದ ಕೆಲಸವಿದ್ದರೆ ಮಾತ್ರ ಕರೆಸಿಕೊಳ್ಳಿ. ಸಿಕ್ಕಿಬಿದ್ದವನು ಕಂಡರೆ ಅವನನ್ನು ದೂತಾವಾಸಕ್ಕೆ ಕರೆದೊಯ್ಯಿರಿ. 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದಿದೆ, ಟಿಕೆಟ್ಟಿಗೆ, ವಕೀಲರಿಗೆ, ತಂಗುವ ಜಾಗಕ್ಕೆ ಅದರಿಂದ ನೆರವು ಸಿಗುತ್ತದೆ. ಅವನು ಒಬ್ಬನೇ ಹೋದರೆ ಗೇಟಿನಲ್ಲೇ ಅಳುಕುತ್ತಾನೆ, ಜೊತೆಗೆ ನೀವಿದ್ದರೆ ಒಳಗೆ ಹೋಗುತ್ತಾನೆ. ಸಂಘದ ಪದಾಧಿಕಾರಿಗಳೇ, ಬರುವ ನವೆಂಬರಿನ ಕಾರ್ಯಕ್ರಮದ ಖರ್ಚಿನಿಂದ ಎರಡು ಬಸ್ಸಿನ ಬಾಡಿಗೆ ಪಕ್ಕಕ್ಕಿಡಿ, ವಾರದ ರಜೆಯ ದಿನ ಕ್ಯಾಂಪಿಗೆ ಕಳಿಸಿ. ಬಿಸಿಬೇಳೆಬಾತಿನ ಸಾಲಿನ ಪಕ್ಕದಲ್ಲಿ ಒಂದು ಮೇಜು ಹಾಕಿ, ಕಾನೂನು ಬಲ್ಲ ಒಬ್ಬರನ್ನು, ಅರಬ್ಬಿ ಓದಬಲ್ಲ ಒಬ್ಬರನ್ನು ಕೂರಿಸಿ. ಬಂದವರು ತಮ್ಮ ಕರಾರು ಪತ್ರ ತರಲಿ, ಅದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿ.