ಮಿಲಿಟರಿ ವೇಷ ಹಾಕಿದ .22 ಬಂದೂಕು: ‘ಇದಕ್ಕೆ ಲೈಸೆನ್ಸ್ ಬೇಡ’ ಎಂಬ ಫಾರ್ವರ್ಡ್ ಎಷ್ಟು ನಿಜ?

ಕಳೆದ ತಿಂಗಳು ನಮ್ಮ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಕಳಿಸಿದ್ದು ಕೊಣನೂರಿನ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕಪ್ಪನ ಮಗ. ವಿಡಿಯೋದಲ್ಲಿ ಅಮೆರಿಕದ ಒಬ್ಬಾತ ತನ್ನ ಸಣ್ಣ .22 ರೈಫಲ್ಲಿಗೆ ಬೇರೆ ಮರದ ಹಿಡಿ, ಬೇರೆ ಪಟ್ಟಿ ಹಾಕಿ, ಎರಡನೇ ಮಹಾಯುದ್ಧದ ಕಾರ್ಬೈನ್ ಥರ ಕಾಣುವಂತೆ ಮಾಡುತ್ತಾನೆ. ಅದರ ಕೆಳಗೆ ಯಾರೋ ಕನ್ನಡದಲ್ಲಿ ಸೇರಿಸಿದ್ದರು: “.22 ಅಂದ್ರೆ ಆಟಿಕೆ ಇದ್ದ ಹಾಗೆ, ಲೈಸೆನ್ಸ್ ಬೇಡ. ಹಂದಿ, ಆನೆ ಓಡಿಸೋಕೆ ಸಾಕು. ರೈತರಿಗೆ ತಪ್ಪದೆ ಶೇರ್ ಮಾಡಿ.”

ಅದರ ಬೆನ್ನಲ್ಲೇ ತಮ್ಮನ ಮೆಸೇಜು: “ಅಕ್ಕಾ, ತಾತನ ಕೋವಿಗೂ ಹಿಂಗೇ ಮಾಡಿಸಬೋದಾ? ನಳಿಗೆ ಸ್ವಲ್ಪ ಕುಯ್ಸಿದ್ರೆ ಹಿಡಿಯೋಕೂ ಸಲೀಸು.”

ಅವನು ತಮಾಷೆಗೆ ಕೇಳಿದನೋ, ನಿಜವಾಗಿ ಕೇಳಿದನೋ ಗೊತ್ತಿಲ್ಲ. ಆದರೆ ಅನುಮತಿಯಿಲ್ಲದೆ ಬಂದೂಕಿನ ನಳಿಗೆ ಕತ್ತರಿಸಿದರೆ ನಮ್ಮ ದೇಶದ ಕಾನೂನಿನಲ್ಲಿ ಕನಿಷ್ಠ 7 ವರ್ಷ ಜೈಲು ಇದೆ. ಆ ಒಂದು ಫಾರ್ವರ್ಡಿನಲ್ಲಿ ಅದರ ಸುಳಿವೂ ಇರಲಿಲ್ಲ. ಹಾಗಾಗಿ ಅದರಲ್ಲಿದ್ದ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ವಿಡಿಯೋದಲ್ಲಿ ಇರುವುದೇನು?

ಅದು ಸುಳ್ಳು ವಿಡಿಯೋ ಅಲ್ಲ. ಅಮೆರಿಕದಲ್ಲಿ ಇದೊಂದು ಹವ್ಯಾಸ. ಅಲ್ಲಿನ ಸೇನೆ 1941ರಲ್ಲಿ ‘ಎಂ1 ಕಾರ್ಬೈನ್’ ಎಂಬ ಹಗುರ ಬಂದೂಕನ್ನು ಒಪ್ಪಿಕೊಂಡಿತು. ಕಾರ್ಬೈನ್ ಎಂದರೆ ಮಾಮೂಲಿ ರೈಫಲ್ಲಿಗಿಂತ ಗಿಡ್ಡ, ಹಗುರವಾದ ಬಂದೂಕು. ಯುದ್ಧ ಮುಗಿಯುವಷ್ಟರಲ್ಲಿ ಇಂಥವು 60 ಲಕ್ಷಕ್ಕೂ ಹೆಚ್ಚು ತಯಾರಾದವು. ಯುದ್ಧದಿಂದ ಮರಳಿದ ಸೈನಿಕರಿಗೆ, ಅವರ ಮಕ್ಕಳಿಗೆ ಆ ಆಕಾರದ ಮೇಲೆ ಒಂದು ಮೋಹ ಉಳಿಯಿತು.

1964ರಲ್ಲಿ ರೂಗರ್ ಕಂಪನಿ ‘10/22’ ಎಂಬ .22 ರೈಫಲ್ಲನ್ನು ಮಾರುಕಟ್ಟೆಗೆ ತಂದಿತು. ಅದರ ರೂಪ ಹಳೆಯ ಕಾರ್ಬೈನನ್ನು ನೆನಪಿಸುವಂತಿತ್ತು. ಇದಕ್ಕೆ ಮಿಲಿಟರಿ ವೇಷ ತೊಡಿಸುವ ಬಿಡಿಭಾಗಗಳನ್ನು ಮಾರುವ ಅಂಗಡಿಗಳೇ ಅಲ್ಲಿವೆ. ಅಂದರೆ ಅಲ್ಲಿ ಅದು ಹೆಚ್ಚು ಕಡಿಮೆ ನಾವು ಬೈಕಿಗೆ ಹೊಸ ಸೀಟು, ಹ್ಯಾಂಡಲ್ ಹಾಕಿಸಿದಂತೆ. ಆದರೆ ಅಲ್ಲಿನ ಕಾನೂನು ಬೇರೆ, ಇಲ್ಲಿನದು ಬೇರೆ. ಫಾರ್ವರ್ಡ್ ಮಾಡಿದವರು ವಿಡಿಯೋವನ್ನು ಮಾತ್ರ ತಂದರು, ಕಾನೂನನ್ನು ಅಲ್ಲೇ ಬಿಟ್ಟರು.

ವೇಷ ಬದಲಾದರೆ ಶಕ್ತಿ ಬದಲಾಗುತ್ತದೆಯೇ?

ಇಲ್ಲ. ಬಂದೂಕಿನ ಶಕ್ತಿ ಇರುವುದು ಅದರ ಮರದ ಹಿಡಿಯಲ್ಲಲ್ಲ, ಅದು ಹಾರಿಸುವ ತೋಟಾದಲ್ಲಿ.

.22 ತೋಟಾವನ್ನು ‘ರಿಮ್‌ಫೈರ್’ ಎನ್ನುತ್ತಾರೆ. ಮಾಮೂಲಿ ರೈಫಲ್ ತೋಟಾದ ಬುಡದಲ್ಲಿ, ನಟ್ಟನಡುವೆ, ಒಂದು ಪುಟ್ಟ ಬಿಲ್ಲೆ ಇರುತ್ತದೆ. ಕುದುರೆ ಎಳೆದಾಗ ಒಳಗಿನ ಮೊಳೆ ಆ ಬಿಲ್ಲೆಗೆ ಬಡಿದು ಕಿಡಿ ಹಾರಿಸುತ್ತದೆ. ರಿಮ್‌ಫೈರಿನಲ್ಲಿ ಆ ಬಿಲ್ಲೆ ಇಲ್ಲ. ಕಿಡಿ ಹತ್ತುವ ಮದ್ದನ್ನು ತೋಟಾದ ಬುಡದ ಅಂಚಿನೊಳಗೇ ತುಂಬಿರುತ್ತಾರೆ. ಮೊಳೆ ಬಡಿದಾಗ ಆ ಅಂಚು ಜಜ್ಜಿಹೋಗಬೇಕು, ಆಗಲೇ ಮದ್ದು ಹೊತ್ತಿಕೊಳ್ಳುವುದು. ಜಜ್ಜಬೇಕಾದರೆ ಲೋಹ ತೆಳ್ಳಗಿರಬೇಕು. ಲೋಹ ತೆಳ್ಳಗಿದ್ದರೆ ಹೆಚ್ಚು ಒತ್ತಡ ತಡೆಯದು. ಅದಕ್ಕೇ ರಿಮ್‌ಫೈರ್ ತೋಟಾಗಳಲ್ಲಿ ಮದ್ದು ಕಡಿಮೆ, ಶಕ್ತಿಯೂ ಕಡಿಮೆ.

ಲೆಕ್ಕ ನೋಡಿ. ಇಂದು ಹೆಚ್ಚು ಬಳಕೆಯಲ್ಲಿರುವ ‘.22 ಲಾಂಗ್ ರೈಫಲ್’ ತೋಟಾ 1887ರಿಂದ ಇದೆ. ಅದರ ಗುಂಡಿನ ತೂಕ ಸುಮಾರು 2.6 ಗ್ರಾಂ. ನಳಿಗೆ ಬಿಡುವಾಗ ಅದರ ಶಕ್ತಿ ಸುಮಾರು 150 ಜೂಲ್. ಎಂ1 ಕಾರ್ಬೈನಿನ ಗುಂಡು ಸುಮಾರು 7 ಗ್ರಾಂ, ಶಕ್ತಿ 1,300 ಜೂಲ್ ಹತ್ತಿರ. ಅಂದರೆ ಎಂಟೊಂಬತ್ತು ಪಟ್ಟು. ಹಾಗಾಗಿ .22ಕ್ಕೆ ಕಾರ್ಬೈನ್ ವೇಷ ಹಾಕಿದರೆ ಸಿಗುವುದು ಕಾರ್ಬೈನ್ ಅಲ್ಲ, ಕಾರ್ಬೈನಿನಂತೆ ಕಾಣುವ .22 ಅಷ್ಟೇ.

ಸೇನೆಗಳೂ ಇದನ್ನೇ ಬಳಸಿಕೊಂಡಿವೆ. ಹಿಂದೆ ಬ್ರಿಟಿಷ್ ಸೇನೆ ತನ್ನ .303 ಲೀ-ಎನ್‌ಫೀಲ್ಡ್ ರೈಫಲ್ಲುಗಳನ್ನು ತರಬೇತಿಗೆಂದು .22ಕ್ಕೆ ಬದಲಿಸಿತ್ತು. ಹಿಡಿದರೆ ಅದೇ ತೂಕ, ಅದೇ ಆಕಾರ, ಆದರೆ ಹಾರಿಸುವುದು ಅಗ್ಗದ ಸಣ್ಣ ತೋಟಾ. ನಿಮ್ಮಲ್ಲಿ ಎನ್‌ಸಿಸಿಯಲ್ಲಿದ್ದವರಿಗೆ .22 ರೈಫಲ್ ಪರಿಚಯವಿರುತ್ತದೆ. ಹೊಸಬರು ಭುಜಕ್ಕೆ ಪೆಟ್ಟು ಬೀಳದಂತೆ, ಕಡಿಮೆ ಖರ್ಚಿನಲ್ಲಿ ಗುರಿ ಕಲಿಯಲಿ ಎಂಬುದೇ ಅದರ ಹಿಂದಿನ ಲೆಕ್ಕ.

ಹಾಗಾದರೆ .22 ಆಟಿಕೆಯೇ?

ಖಂಡಿತ ಅಲ್ಲ. ‘ಕಡಿಮೆ ಶಕ್ತಿ’ ಎಂಬುದು ಇನ್ನೊಂದು ರೈಫಲ್ಲಿಗೆ ಹೋಲಿಸಿ ಹೇಳುವ ಮಾತು, ಮನುಷ್ಯನ ಮೈಗೆ ಹೋಲಿಸಿ ಅಲ್ಲ. .22 ಗುಂಡು ಜೀವ ತೆಗೆಯಬಲ್ಲದು. ಎತ್ತರಿಸಿ ಹಾರಿಸಿದರೆ ಸುಮಾರು ಒಂದೂವರೆ ಕಿಲೋಮೀಟರ್ ದೂರದವರೆಗೂ ಹೋಗಬಲ್ಲದು. ಹೊಗೆಸೊಪ್ಪಿನ ಹೊಲದ ಈ ಬದಿಯಲ್ಲಿ ನಿಂತು ಹಂದಿಗೆಂದು ಹಾರಿಸಿದ ಗುಂಡು, ಆ ಬದಿಯ ಬೇಲಿ ದಾಟಿ, ಪಕ್ಕದ ಊರಿನ ದಾರಿಯವರೆಗೂ ಹೋಗಬಹುದು.

ಲೈಸೆನ್ಸ್ ಬೇಕೇ ಬೇಡವೇ?

ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಯಾವುದೇ ಬಂದೂಕು ಅಥವಾ ತೋಟಾ ಇಟ್ಟುಕೊಳ್ಳಲು ಲೈಸೆನ್ಸ್ ಇರಲೇಬೇಕು. ತಮಾಷೆಯೆಂದರೆ .22 ರೈಫಲ್ಲಿನ ಹೆಸರು ಕಾಯ್ದೆಯಲ್ಲೇ ಇದೆ. ಲೈಸೆನ್ಸ್ ಯಾರಿಗೆ ಕೊಡಬೇಕು ಎಂದು ಹೇಳುವ 13ನೇ ಸೆಕ್ಷನ್, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸಕ್ಕೆ .22 ರೈಫಲ್ ಕೊಡುವ ಬಗ್ಗೆ ಹೇಳುತ್ತದೆ. ಅದೇ ಸೆಕ್ಷನ್ ಬೆಳೆ ರಕ್ಷಣೆಗೆ ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ನಮ್ಮ ಕಡೆ ಹಳೆಯ ಮನೆಗಳಲ್ಲಿ ಕೇಪಿನ ಕೋವಿಗಳು ಏಕೆ ಅಷ್ಟು ಕಾಣುತ್ತಿದ್ದವು ಎಂಬುದಕ್ಕೆ ಇದೂ ಒಂದು ಕಾರಣ.

ಇನ್ನು ಬದಲಾವಣೆಯ ವಿಷಯ. ಇಲ್ಲಿ ಎರಡು ಸೆಕ್ಷನ್ ನೆನಪಿಡಿ.

5ನೇ ಸೆಕ್ಷನ್: ಬಂದೂಕು ತಯಾರಿಸಲು, ಮಾರಲು, ರೂಪಾಂತರಿಸಲು ಮಾತ್ರವಲ್ಲ, ರಿಪೇರಿ ಮಾಡಲೂ ಅದಕ್ಕೆಂದೇ ಲೈಸೆನ್ಸ್ ಇರಬೇಕು. ಊರಿನ ಬಡಗಿ, ಕಮ್ಮಾರ ಅಥವಾ ವೆಲ್ಡಿಂಗ್ ಅಂಗಡಿಯವರು ‘ಸಣ್ಣ ಕೆಲಸ’ ಎಂದು ಒಪ್ಪಿಕೊಂಡರೆ ಅವರೂ ಸಿಕ್ಕಿಕೊಳ್ಳುತ್ತಾರೆ.

6ನೇ ಸೆಕ್ಷನ್: ನಳಿಗೆಯನ್ನು ಗಿಡ್ಡ ಮಾಡುವಂತಿಲ್ಲ, ನಕಲಿ ಬಂದೂಕನ್ನು ಅಸಲಿಯಾಗಿಸುವಂತಿಲ್ಲ. 2019ರ ತಿದ್ದುಪಡಿ ಇದಕ್ಕೆ ಇನ್ನೊಂದನ್ನು ಸೇರಿಸಿತು: ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವಂತೆಯೂ ಇಲ್ಲ. ಈ ತಪ್ಪುಗಳಿಗೆ ಶಿಕ್ಷೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ.

‘ಬರೀ ಮರದ ಹಿಡಿ ಬದಲಿಸಿದರೆ?’ ಎಂದು ಕೇಳಬಹುದು. ಹಿಡಿ ಮುರಿದಿದ್ದರೂ ಸರಿ, ಚಂದಕ್ಕೆ ಬದಲಿಸಬೇಕೆನಿಸಿದರೂ ಸರಿ, ಲೈಸೆನ್ಸ್ ಇರುವ ಬಂದೂಕು ಅಂಗಡಿಗೆ ಲೈಸೆನ್ಸ್ ಪುಸ್ತಕದ ಜೊತೆ ಒಯ್ಯುವುದೊಂದೇ ಸುರಕ್ಷಿತ ದಾರಿ. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

‘ಪಕ್ಕದ ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ!’

ಕೊಣನೂರು, ರಾಮನಾಥಪುರದ ಕಡೆ ಈ ಮಾತು ಬಹಳ ಕೇಳಿಬರುತ್ತದೆ. ಕೊಡಗಿನ ಗಡಿ ಹತ್ತಿರ, ಅದೇ ಕಾವೇರಿ, ಅದೇ ಹಂದಿ ಕಾಟ. ಅವರಿಗೊಂದು ಕಾನೂನು, ನಮಗೊಂದು ಕಾನೂನು ಏಕೆ ಎಂಬ ಪ್ರಶ್ನೆ ಸಹಜ.

ಇದರಲ್ಲಿ ಅರ್ಧ ನಿಜ ಇದೆ. ಬ್ರಿಟಿಷರ ಕಾಲದಿಂದ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ಮುಂದುವರಿಸಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಆದರೆ ಈ ವಿನಾಯಿತಿ ಆ ಸಮುದಾಯ ಮತ್ತು ಆ ಹಿಡುವಳಿದಾರರಿಗೆ ಮಾತ್ರ. ಗಡಿ ಪಕ್ಕದಲ್ಲಿದ್ದೇವೆ ಎಂಬ ಕಾರಣಕ್ಕೆ ಅರಕಲಗೂಡು ತಾಲ್ಲೂಕಿನವರಿಗೆ ಅದು ಬರುವುದಿಲ್ಲ. ಕೊಡಗಿನಲ್ಲಿ ಮನೆ ಬಾಡಿಗೆ ಹಿಡಿದರೂ ಬರುವುದಿಲ್ಲ.

ಏರ್‌ಗನ್ ಆದರೆ ಪರವಾಗಿಲ್ಲವೇ?

ಫಾರ್ವರ್ಡಿನ ಗೊಂದಲ ಇಲ್ಲಿಂದಲೇ ಹುಟ್ಟಿರಬಹುದು. ಏರ್‌ಗನ್ನಿನಲ್ಲಿ ಮದ್ದಿಲ್ಲ, ಗಾಳಿಯ ಒತ್ತಡ ಮಾತ್ರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್‌ಗನ್ನಿನ ಶಕ್ತಿ 20 ಜೂಲ್ ದಾಟಿದರೆ ಅಥವಾ ನಳಿಗೆಯ ಒಳ ಅಳತೆ .177, ಅಂದರೆ 4.5 ಮಿಲಿಮೀಟರ್, ದಾಟಿದರೆ ಲೈಸೆನ್ಸ್ ಬೇಕು. ಅದಕ್ಕಿಂತ ಕೆಳಗಿನವಕ್ಕೆ ಬೇಡ. ಹಾಗಾಗಿ .22 ಅಳತೆಯ ಏರ್‌ಗನ್ನಿಗೂ ಲೈಸೆನ್ಸ್ ಬೇಕು. ಮದ್ದಿನ .22 ರೈಫಲ್ಲಿನ ಶಕ್ತಿಯಂತೂ ಆ 20 ಜೂಲ್ ಮಿತಿಗಿಂತ ಏಳು ಪಟ್ಟು ಹೆಚ್ಚು. ಎರಡೂ ಒಂದೇ ಎಂದುಕೊಳ್ಳುವುದು ದೊಡ್ಡ ತಪ್ಪು.

ಲೈಸೆನ್ಸ್ ಬೇಡದ ಏರ್‌ಗನ್ ಕೂಡ ಮಕ್ಕಳ ಆಟಿಕೆಯಲ್ಲ. ಹತ್ತಿರದಿಂದ ಹೊಡೆದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು.

‘ಆನೆ, ಹಂದಿ ಓಡಿಸೋಕೆ ಸಾಕು’

ಈ ಫಾರ್ವರ್ಡಿನ ಅತ್ಯಂತ ಅಪಾಯದ ಮಾತು ಇದೇ. .22 ಗುಂಡು ಆನೆಯನ್ನು ಕೊಲ್ಲುವುದಿಲ್ಲ, ಗಾಯ ಮಾಡುತ್ತದೆ. ಗಾಯಗೊಂಡ ಆನೆ ಕಾಡಿಗೆ ಹೋಗದೆ ಇನ್ನಷ್ಟು ಕೆರಳಬಹುದು. ಮಾರನೆಯ ಬೆಳಿಗ್ಗೆ ಹಾಲು ಹಾಕಲು ಹೊರಟ ಯಾರೋ ಅದರ ಎದುರಿಗೆ ಸಿಗಬಹುದು. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಅದಕ್ಕೆ ಗುಂಡು ಹೊಡೆಯುವುದು ಗಂಭೀರ ಅಪರಾಧ. ಹಂದಿಯನ್ನೂ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ.

ಬೆಳೆ ಹೋದ ರೈತನ ಸಂಕಟ ಸುಳ್ಳಲ್ಲ. ಒಂದು ರಾತ್ರಿಯಲ್ಲಿ ಮುಸುಕಿನ ಜೋಳ ನೆಲಸಮವಾದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಬಂದೂಕಿನಿಂದ ಅದಕ್ಕೆ ಪರಿಹಾರ ಸಿಗುವುದಿಲ್ಲ. ಕಾಡುಪ್ರಾಣಿಗಳಿಂದ ಬೆಳೆ ಹಾನಿಯಾದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಅದಕ್ಕೆ ‘ಇ-ಪರಿಹಾರ’ ವ್ಯವಸ್ಥೆ ಇದೆ. ಹಾನಿಯಾದ ಕೂಡಲೇ ಫೋಟೋ ತೆಗೆದು, ಪಹಣಿ, ಬ್ಯಾಂಕ್ ವಿವರದ ಜೊತೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಅರ್ಜಿ ಕೊಡಿ. ಹಣ ಸಾಲದು, ತಡವಾಗುತ್ತದೆ ಎಂಬ ದೂರು ಇದ್ದೇ ಇದೆ. ಆದರೂ ಕೇಸು ಮೈಮೇಲೆ ಎಳೆದುಕೊಂಡು ಕೋರ್ಟಿಗೆ ಅಲೆಯುವುದಕ್ಕಿಂತ ಇದು ಮೇಲು.

ನೋಟಕ್ಕೂ ಅಪಾಯ ಇದೆ

ವೇಷದಿಂದ ಶಕ್ತಿ ಹೆಚ್ಚುವುದಿಲ್ಲ, ಆದರೆ ಅಪಾಯ ಹೆಚ್ಚುತ್ತದೆ. ಏಕೆಂದರೆ ಎದುರಿಗಿರುವವರಿಗೆ ಕಾಣುವುದು ವೇಷ ಮಾತ್ರ. 2014ರ ನವೆಂಬರಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 12 ವರ್ಷದ ಹುಡುಗನೊಬ್ಬ ಅಸಲಿಯಂತೆ ಕಾಣುವ ಆಟದ ಪಿಸ್ತೂಲು ಹಿಡಿದಿದ್ದ. ಆಟಿಕೆ ಎಂದು ಗುರುತಿಸಲು ಇರಬೇಕಿದ್ದ ಕಿತ್ತಳೆ ಬಣ್ಣದ ತುದಿ ಅದರಲ್ಲಿ ಇರಲಿಲ್ಲ. ಸ್ಥಳಕ್ಕೆ ಬಂದ ಪೊಲೀಸರು ಕೆಲವೇ ಕ್ಷಣಗಳಲ್ಲಿ ಗುಂಡು ಹಾರಿಸಿದರು. ಹುಡುಗ ಬದುಕಲಿಲ್ಲ.

ನಮ್ಮ ಕಾಯ್ದೆಯೂ ಇದನ್ನು ಗುರುತಿಸಿದೆ. ಗುಂಡು ಹಾರಲಿ, ಹಾರದಿರಲಿ, ಬಂದೂಕಿನಂತೆ ಕಾಣುವ ಯಾವುದನ್ನಾದರೂ ಅದು ‘ನಕಲಿ ಬಂದೂಕು’ ಎನ್ನುತ್ತದೆ. ಬಂಧನ ತಪ್ಪಿಸಿಕೊಳ್ಳಲು ಅದನ್ನು ತೋರಿಸಿದರೂ ಶಿಕ್ಷೆ ಇದೆ. ಮದುವೆ, ಜಾತ್ರೆಗಳ ಸಂಭ್ರಮದಲ್ಲಿ ಜನರಿಗೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ರೀಲ್ಸಿಗಾಗಿ ಗಾಳಿಗೆ ಗುಂಡು ಹಾರಿಸುವವರು ಇದನ್ನು ನೆನಪಿಡಬೇಕು.

ಮನೆಯಲ್ಲಿ ತಾತನ ಕೋವಿ ಇದ್ದರೆ

ಕೋವಿ ಮನೆತನದ್ದಾದರೂ ಲೈಸೆನ್ಸ್ ಒಬ್ಬರದು. ಲೈಸೆನ್ಸ್ ಇದ್ದವರ ಮಗ, ಮೊಮ್ಮಗ ಅದನ್ನು ಬಳಸುವಂತಿಲ್ಲ. ರಿಪೇರಿಗೋ, ಲೈಸೆನ್ಸ್ ನವೀಕರಣಕ್ಕೋ ಒಯ್ಯಬೇಕಾದರೆ ಲೈಸೆನ್ಸುದಾರರು ಜೊತೆಯಲ್ಲಿರಬೇಕು, ಇಲ್ಲವೇ ಬರಹದಲ್ಲಿ ಅನುಮತಿ ಕೊಟ್ಟಿರಬೇಕು. ಲೈಸೆನ್ಸುದಾರರು ತೀರಿಕೊಂಡರೆ ತಡಮಾಡದೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಒಪ್ಪಿಸಬೇಕು. ಆಮೇಲೆ ಮನೆಯವರಲ್ಲಿ ಯಾರಿಗೆ ಬೇಕೋ ಅವರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬಹುದು. 21 ವರ್ಷ ತುಂಬಿರಬೇಕು. ಅಟ್ಟದ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದರೂ ಅದು ಲೈಸೆನ್ಸ್ ಇಲ್ಲದ ಬಂದೂಕೇ.

ನಾನು ತಮ್ಮನಿಗೆ ಇಷ್ಟನ್ನೂ ವಾಯ್ಸ್ ಮೆಸೇಜಿನಲ್ಲಿ ಹೇಳಿದೆ. ಅವನು ಕೇಳಿದ್ದು ಒಂದೇ: “ಹಂಗಾದ್ರೆ ನಾನು ಇನ್ನು ಮೂರು ಗ್ರೂಪಿಗೆ ಕಳಿಸಿದೀನಲ್ಲಕ್ಕಾ, ಅದೇನ್ ಮಾಡೋದು?” ಕಳಿಸಿದ ಕಡೆಯಲ್ಲೆಲ್ಲ ಡಿಲೀಟ್ ಮಾಡು, ಆಗದಿದ್ದರೆ ಅದರ ಕೆಳಗೇ ‘ಇದು ತಪ್ಪು, .22ಕ್ಕೂ ಲೈಸೆನ್ಸ್ ಬೇಕು, ನಳಿಗೆ ಕುಯ್ದರೆ 7 ವರ್ಷ ಜೈಲು’ ಎಂದು ಬರೆ ಎಂದೆ. ಬರೆದ. ಅಂಥದೇ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿದ್ದರೆ, ಆ ಒಂದು ಸಾಲನ್ನು ನೀವೂ ಬರೆಯಿರಿ.