ಬರೆದ ಬಾಯಿಗೆ ಯಾವ ಭಾಷೆ?

ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದ 1997ರಲ್ಲೇ ದೂರದರ್ಶನಕ್ಕೆ ‘ಶಕ್ತಿಮಾನ್’ ಬಂದ. ಕುಷ್ಟಗಿ, ಯಲಬುರ್ಗಾದ ಮಕ್ಕಳೊಡನೆಯೂ ಹಿಂದಿಯಲ್ಲೇ ಮಾತಾಡಿದ. 2011ರಲ್ಲಿ ಅದೇ ವೀರ ಕಾರ್ಟೂನಾಗಿ ಮತ್ತೆ ಹುಟ್ಟಿದ. ನಟನ ತುಟಿಗೆ ಬೇರೆ ಮಾತು ಹೊಂದುವುದಿಲ್ಲ ಎನ್ನಬಹುದು. ಬರೆದ ಚಿತ್ರದ ಬಾಯಿಗೆ ಯಾವ ತೊಡಕು?

ಚಿತ್ರದಿಂದ ಕನ್ನಡ ಆಡಿಸುವುದು ನಮಗೇನು ಹೊಸದೇ! ಕೊಪ್ಪಳ ತಾಲ್ಲೂಕು ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ತೊಗಲುಗೊಂಬೆಗಳಿಂದ ರಾಮಾಯಣ, ಮಹಾಭಾರತ ಆಡಿಸುತ್ತಲೇ ಬಾಳಿದರು. ಪದ್ಮಶ್ರೀ ಬಂದದ್ದು 2025ರಲ್ಲಿ, 90 ದಾಟಿದ ಮೇಲೆ! ವೀರರ ತಂಡವೇ ಬೇಕೆಂದರೆ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಇದೆ, ಕಿಷ್ಕಿಂಧೆಯ ವಾನರಪಡೆ ಇದೆ.

ವಾಹಿನಿಗಳಿಗೆ ಇಂದೇ ಕಾಗದ ಬರೆಯಿರಿ: ಮಕ್ಕಳ ಕಾರ್ಟೂನಿಗೆ ಮೊದಲ ಕಂತಿನಿಂದಲೇ ಕನ್ನಡದ ದನಿ ಬೇಕು, ದನಿ ಕೊಡುವ ಕೆಲಸ ನಮ್ಮ ಕಲಾವಿದರಿಗೆ ಸಿಗಬೇಕು.