ಜಾರಿದವರನ್ನು ನಿಲ್ಲಿಸುವುದೇ ಧರ್ಮ

ವ್ಯಸನವನ್ನು ಬಿಡುತ್ತೇನೆಂದು ಸಂಕಲ್ಪಿಸಲು ಒಂದು ದಿನ ಸಾಕು. ಆ ಸಂಕಲ್ಪದಲ್ಲಿ ನೆಲೆನಿಲ್ಲಲು ಬದುಕಿನುದ್ದದ ಸಾಧನೆ ಬೇಕು. ಜೈನಾಚಾರ್ಯರು ಈ ಭೇದವನ್ನು ಚೆನ್ನಾಗಿ ಅರಿತಿದ್ದರು. ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವನ್ನು ವಿಧಿಸಿ, ಸಪ್ತವ್ಯಸನಗಳಲ್ಲಿ ಮದ್ಯವನ್ನು ಎಣಿಸಿದ ಅವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಎರಡನ್ನು ಜಾರುವವರ ರಕ್ಷಣೆಗಾಗಿಯೇ ಇರಿಸಿದರು. ಪರರ ದೋಷವನ್ನು ಬೀದಿಗೆ ತಾರದೆ ಕಾಪಾಡುವುದು ಉಪಗೂಹನ. ಸನ್ಮಾರ್ಗದಿಂದ ಕದಲುತ್ತಿರುವವನನ್ನು ಮತ್ತೆ ಅಲ್ಲಿಯೇ ನಿಲ್ಲಿಸುವುದು ಸ್ಥಿತಿಕರಣ.

ಸ್ಥಿತಿಕರಣಕ್ಕೆ ವಾರಿಷೇಣ ಮುನಿಯ ಕಥೆ ಪ್ರಸಿದ್ಧ ನಿದರ್ಶನ. ಶ್ರೇಣಿಕ ಮಹಾರಾಜನ ಮಗನಾದ ವಾರಿಷೇಣನೊಡನೆ ದೀಕ್ಷೆ ಪಡೆದ ಪುಷ್ಪದಾಲನ ಮನಸ್ಸು 12 ವರ್ಷ ಕಳೆದರೂ ಬಿಟ್ಟುಬಂದ ಮನೆಯಲ್ಲೇ ಉಳಿದಿತ್ತು. ಇದನ್ನರಿತ ವಾರಿಷೇಣನು ಅವನನ್ನು ನಿಂದಿಸಲಿಲ್ಲ, ಸಂಘದಿಂದ ಹೊರಗಟ್ಟಲೂ ಇಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದ ವೈಭವವನ್ನು ಎದುರಿಗಿರಿಸಿ, ಅವನ ಕಣ್ಣು ತೆರೆಸಿದನು. ವ್ರತ ಹಿಡಿದವನ ಮನಸ್ಸು ಅಲುಗಾಡುವುದು ವಿಚಿತ್ರವಲ್ಲ. ಆಗ ಪಕ್ಕದಲ್ಲಿ ಒಬ್ಬ ವಾರಿಷೇಣನಿರುವನೇ ಎಂಬುದೇ ಮುಖ್ಯ ಪ್ರಶ್ನೆ.

ಮದ್ದೂರು ತಾಲ್ಲೂಕಿನ ಶಿವಪುರವನ್ನು ನಾಡು ನೆನೆಯುವುದು 1938ರ ಏಪ್ರಿಲ್ ತಿಂಗಳ ಧ್ವಜ ಸತ್ಯಾಗ್ರಹಕ್ಕಾಗಿ. ನಿಷೇಧವನ್ನು ಲೆಕ್ಕಿಸದೆ ಧ್ವಜಾರೋಹಣಕ್ಕೆ ಮುಂದಾದವರ ಧೈರ್ಯಕ್ಕೆ ಸಾವಿರಾರು ಜನರ ಸಾಕ್ಷಿಯಿತ್ತು, ಜಯಘೋಷವಿತ್ತು. ಇಂದಿಗೂ ಸತ್ಯಾಗ್ರಹ ಸೌಧ ಅದನ್ನು ಸಾರುತ್ತದೆ. ಅಂಥದೇ ಊರಿನಲ್ಲಿ ಇಂದು ಮದ್ಯವನ್ನೋ ಗಾಂಜಾವನ್ನೋ ಬಿಟ್ಟು ಮನೆಗೆ ಮರಳಿದ ತರುಣನ ಸತ್ಯಾಗ್ರಹಕ್ಕೆ ಸಾಕ್ಷಿಗಳಿಲ್ಲ. ಹಳೆಯ ಗೆಳೆಯರು ಅಲ್ಲೇ ಇದ್ದಾರೆ, ಹಳೆಯ ಅಂಗಡಿಯೂ ಅಲ್ಲೇ ಇದೆ. ಸಂಜೆಯಾಗುತ್ತಲೇ ಚಪಲ ಕೆರಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ. ಮಂಡ್ಯದ ಆಸ್ಪತ್ರೆಗೆ ಹೋದರೆ ಪರಿಚಿತರ ಕಣ್ಣಿಗೆ ಬೀಳುವ ಭಯ. ಹೀಗೆ ತಿಂಗಳುಗಟ್ಟಲೆ ಸಾಧಿಸಿದ್ದು ಒಂದು ಸಂಜೆ ಕುಸಿಯುತ್ತದೆ.

ದೂರವಾಣಿ ಮತ್ತು ಅಂತರ್ಜಾಲದ ಮೂಲಕ ದೊರೆಯುವ ಆಪ್ತಸಮಾಲೋಚನೆಯ ಮಹತ್ವ ತಿಳಿಯುವುದು ಇಲ್ಲಿಯೇ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಮುಕ್ತಿಗಾಗಿಯೇ 14446 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಚಪಲ ಕೆರಳಿದ ಗಳಿಗೆಯಲ್ಲಿಯೇ, ಗದ್ದೆಯ ಬದುವಿನ ಮೇಲೆ ಕುಳಿತು, ಊರಿಗೆ ತಿಳಿಯದಂತೆ ನೆರವು ಕೇಳಲು ಇವು ದಾರಿ ಮಾಡಿವೆ. ಉಪಗೂಹನ, ಸ್ಥಿತಿಕರಣಗಳೆರಡೂ ಒಂದೇ ಕರೆಯಲ್ಲಿ ಕೈಗೂಡುವುದು ಸಣ್ಣ ಮಾತಲ್ಲ.

ಮುಖವನ್ನೇ ಕಾಣದ ಅಪರಿಚಿತರೊಡನೆ ಅಂತರಂಗವನ್ನು ತೋಡಿಕೊಳ್ಳುವುದು ಎಷ್ಟು ಸರಿ ಎಂದು ಕೆಲವರು ಸಂಶಯಿಸುತ್ತಾರೆ. ದೋಷವನ್ನು ಗುರುವಿನ ಮುಂದೆ ನಿವೇದಿಸುವ 'ಆಲೋಚನೆ'ಯೇ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲೆಂದು ಜಿನಾಗಮ ಹೇಳುತ್ತದೆ. ಆ ನಿವೇದನೆಯನ್ನು ಕೇಳುವ ಆಚಾರ್ಯನು 'ಅಪರಿಸ್ರಾವಿ'ಯಾಗಿರಬೇಕು: ಕಾದ ಕಬ್ಬಿಣ ಕುಡಿದ ನೀರು ಹೊರಬರದಂತೆ, ಕೇಳಿದ ದೋಷ ಅವನಿಂದ ಹೊರಗೆ ಸೋರಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆ ಪಡೆಯುವವರ ಗೋಪ್ಯತೆಯನ್ನು ಹಕ್ಕೆಂದು ಮನ್ನಿಸಿದೆ. ತರಬೇತಿ ಪಡೆದ ಆಪ್ತಸಮಾಲೋಚಕರು ಗುರುವಿನ ಸ್ಥಾನವನ್ನು ತುಂಬಲಾರರು, ನಿಜ. ಆದರೆ ಅಪರಿಸ್ರಾವಿಯಾದ ಕಿವಿಯಾಗಬಲ್ಲರು.

ಹೇಳುವವನ ಹೊಣೆಯೂ ಕಡಿಮೆಯದಲ್ಲ. ಆಚಾರ್ಯರು ಆಲೋಚನೆಗೆ ಹತ್ತು ದೋಷಗಳನ್ನು ಗುರುತಿಸಿದ್ದಾರೆ. ಇತರರು ಕಂಡ ತಪ್ಪನ್ನಷ್ಟೇ ಒಪ್ಪಿಕೊಳ್ಳುವುದು 'ದೃಷ್ಟ'. ಸಣ್ಣದನ್ನು ಹೇಳಿ ದೊಡ್ಡದನ್ನು ಮರೆಮಾಚುವುದು 'ಸೂಕ್ಷ್ಮ'. ಗದ್ದಲದ ನಡುವೆ, ಸರಿಯಾಗಿ ಕೇಳಿಸದಂತೆ ಹೇಳುವುದು 'ಶಬ್ದಾಕುಲಿತ'. ಶತಮಾನಗಳ ಹಿಂದಿನ ಈ ಎಚ್ಚರಿಕೆ ಇಂದಿನ ಮೊಬೈಲ್ ಸಂಭಾಷಣೆಗೂ ಹೊಂದುತ್ತದೆ. ಬಿಯರ್ ಕುಡಿದದ್ದನ್ನು ಹೇಳಿ ಮಾತ್ರೆ ನುಂಗಿದ್ದನ್ನು ಅಡಗಿಸಿದರೆ, ಮುಖ ಕಾಣದ ಕರೆಯಲ್ಲಿ ಅದನ್ನು ಪತ್ತೆಹಚ್ಚುವವರಿಲ್ಲ. ಮಾಯೆಯೆಂಬ ಶಲ್ಯ ಎದೆಯಲ್ಲಿರುವವರೆಗೆ ವ್ರತ ನಿಲ್ಲದು.

ಕರೆಯೊಂದೇ ಸಾಲದ ಸಂದರ್ಭಗಳೂ ಇವೆ. ಬಹುಕಾಲ ಮಿತಿಮೀರಿ ಕುಡಿದವರು ಥಟ್ಟನೆ ನಿಲ್ಲಿಸಿದಾಗ ಕೈನಡುಕ, ಫಿಟ್ಸ್, ಬುದ್ಧಿಭ್ರಮಣೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಪವಾಸ, ವ್ರತಗಳ ಹೆಸರಿನಲ್ಲಿ ಚಿಕಿತ್ಸೆಯನ್ನು ತಡೆಯುವುದು ಅಹಿಂಸೆಗೆ ವಿರುದ್ಧ.

ಸಮಾಜದ ಪಾಲೂ ಉಳಿದಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರನ್ನು ನವಜೀವನ ಸಮಿತಿಗಳು ಒಂದುಗೂಡಿಸುತ್ತವೆ. ಇದು ಆಚರಣೆಗಿಳಿದ ಸ್ಥಿತಿಕರಣ. ಇತರೆಡೆಗಳಲ್ಲಿ ಮದ್ಯತ್ಯಾಗದ ಪ್ರತಿಜ್ಞೆ ಮಾಡಿಸುವ ಸಮಾರಂಭಗಳು ಸಾಕಷ್ಟಿವೆ. ಪ್ರತಿಜ್ಞೆ ಮಾಡಿದವನು ಮರುತಿಂಗಳು ಹೇಗಿದ್ದಾನೆಂದು ವಿಚಾರಿಸುವವರು ವಿರಳ. ಬಸದಿ, ದೇಗುಲ, ಗ್ರಾಮ ಪಂಚಾಯಿತಿಗಳ ಫಲಕಗಳಲ್ಲಿ ಸಹಾಯವಾಣಿಯ ಸಂಖ್ಯೆ ಕಾಣುವಂತಾಗಲಿ. ಕರೆ ಮಾಡಲು ಒಂದು ಶಾಂತವಾದ ಕೋಣೆಯನ್ನು ಬಿಟ್ಟುಕೊಟ್ಟರೂ ಅದು ಅಭಯದಾನಕ್ಕೆ ಸಮ.

ಮನೆಯವರು ಮಾಡಬೇಕಾದದ್ದು ಇನ್ನೂ ಸರಳ, ಇನ್ನೂ ಕಷ್ಟ. ಮತ್ತೆ ಎಡವಿದ ಮಗನನ್ನೋ ಗಂಡನನ್ನೋ 'ನೀನು ಇಷ್ಟೇ' ಎಂದು ಹಳಿಯುವ ಮುನ್ನ ವಾರಿಷೇಣನನ್ನು ನೆನೆಯಬೇಕು. ಕರ್ಮದ ಆವರಣ ಎಷ್ಟೇ ದಟ್ಟವಾಗಿರಲಿ, ಅನಂತಜ್ಞಾನ ಸ್ವಭಾವದ ಆತ್ಮ ಅದರೊಳಗೆ ಅಳಿಯದೆ ಇದ್ದೇ ಇರುತ್ತದೆ ಎಂಬುದು ಜಿನಧರ್ಮದ ದೃಢವಾದ ನಂಬಿಕೆ. ಎಡವಿದವನ ಆತ್ಮದಲ್ಲಿಯೂ ಆ ನಂಬಿಕೆಯನ್ನು ಇಡಬಲ್ಲವನೇ ಸಮ್ಯಗ್ದೃಷ್ಟಿ.